ತೊರಕೆ ಮರಿಗೆ ಮೊದಲ ದಿನಗಳೇ ಕಷ್ಟದವು

ಮಾನ್ಯರೇ,

ದಕ್ಷಿಣ ಅಮೆರಿಕದ ಸಿಹಿನೀರಿನ ಮೋಟೋರೋ ತೊರಕೆ (ಚಪ್ಪಟೆ ಮೈಯ, ಬಾಲದಲ್ಲಿ ಮುಳ್ಳಿರುವ ಮೀನು) ಮೊಟ್ಟೆಯಿಡದೆ, ಸುಮಾರು ಮೂರು ತಿಂಗಳು ಗರ್ಭ ಹೊತ್ತು ಮರಿ ಹಾಕುತ್ತದೆ. ಅಕ್ವೇರಿಯಂನಲ್ಲಿ ಸಾಕುವವರು ಎಡವುವುದು ಆಮೇಲೆ: ಹುಟ್ಟಿದ ದಿನವೇ ಆಹಾರ ಸುರಿಯುತ್ತಾರೆ. ಹೊಟ್ಟೆಯಡಿ ಹಳದಿ ಚೀಲ ಇರುವವರೆಗೆ ಮರಿಗೆ ಅದೇ ಊಟ. ಸುರಿದದ್ದು ಕೊಳೆತು ಅಮೋನಿಯ ಏರುತ್ತದೆ, ಮರಿಯ ಮೈಯಂಚು ಮೇಲಕ್ಕೆ ಸುರುಳಿಯಾಗುತ್ತದೆ. ಅದು ಕಂಡಮೇಲೆ ಉಳಿಯುವುದು ಅಪರೂಪ. ಚೀಲ ಕರಗಿದ ಮೇಲೆ ಸಣ್ಣಗೆ ಹೆಚ್ಚಿದ ಎರೆಹುಳುವನ್ನು ದಿನಕ್ಕೆ ಎರಡು ಮೂರು ಸಲ, ಸ್ವಲ್ಪ ಸ್ವಲ್ಪವೇ ಕೊಡಿ. ಬಾಲದ ಬುಡದಲ್ಲಿ ಮೈ ಬತ್ತಿ ಸೊಂಟದ ಗಡುಸು ಭಾಗ ಎದ್ದು ಕಂಡರೆ ಮರಿ ಸೊರಗುತ್ತಿದೆ ಎಂದರ್ಥ.

ನೀರು 26–28 ಡಿಗ್ರಿ, ತಳಕ್ಕೆ ನುಣ್ಣನೆ ಮರಳು. ಹೀಟರ್‌ಗೆ ಜಾಲರಿ ಹಾಕಿ; ಮರಿ ಅದಕ್ಕೆ ಒರಗಿ ಮೈ ಸುಟ್ಟುಕೊಳ್ಳುತ್ತದೆ. ತಾಮ್ರ ಬೆರೆತ ಔಷಧ ಬೇಡವೇ ಬೇಡ. ಮರಿ ತಿನ್ನುವುದನ್ನು ಗಿರಾಕಿಗೆ ತೋರಿಸಿಯೇ ಅಂಗಡಿಯವರು ಮಾರಲಿ.

– ಅಲಂಕಾರಿಕ ಮೀನು ಸಾಕಣೆದಾರರು