ಕೊನೆಯ ಪುಟದ ಗುಮ್ಮ

ಅಟ್ಲಾಂಟಾ
12 ಅಕ್ಟೋಬರ್ 2025

ಪ್ರೀತಿಯ ಅಪ್ಪಯ್ಯನಿಗೆ, ಅಮ್ಮನಿಗೆ ನಮಸ್ಕಾರ.

ನಾವೆಲ್ಲ ಇಲ್ಲಿ ಕ್ಷೇಮ. ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ, ಮತ್ತೆ ಕಾಗದ ಯಾಕೆ ಅಂತ ಅಮ್ಮ ಕೇಳುತ್ತಾಳೆ, ಗೊತ್ತು. ನಮ್ಮ ಪಕ್ಕದ ಬೀದಿಯವರು ಮುಂದಿನ ವಾರ ಊರಿಗೆ ಹೊರಟಿದ್ದಾರೆ. ಅವರ ಕೈಲಿ ಮೂರು ಪುಸ್ತಕ ಕಳಿಸುತ್ತಿದ್ದೇನೆ. ಜೊತೆಗೆ ಕಾಗದ ಇಲ್ಲದಿದ್ದರೆ ಅಪ್ಪಯ್ಯ ಅವಕ್ಕೆ ಬೈಂಡ್ ಹಾಕಿ, ಕಪಾಟಿನಲ್ಲಿಟ್ಟು ಬೀಗ ಹಾಕಿಬಿಡುತ್ತಾರೆ. ಇವು ಕಪಾಟಿಗೆ ಅಲ್ಲ.

ಮೂರೂ ಗೊಂಬೆಯಾಟದವರ ಪುಸ್ತಕಗಳೇ. ಜಿಮ್ ಹೆನ್ಸನ್ ಅಂತ ಅಮೆರಿಕದ ಗೊಂಬೆಯಾಟದವರ ಹೆಸರು ಕೇಳಿರುತ್ತೀರಿ. ಕೇಳದಿದ್ದರೂ ಆ ಹಸಿರು ಕಪ್ಪೆಯನ್ನು ನೋಡಿಯೇ ಇರುತ್ತೀರಿ. ಇಲ್ಲಿ ಊರಿನ ನಡುವೆ ಗೊಂಬೆಯಾಟಕ್ಕೇ ಅಂತ ಒಂದು ಕೇಂದ್ರ ಇದೆ. 1978ರಲ್ಲಿ ಅದು ಶುರುವಾದಾಗ ಹೆನ್ಸನ್ನರೇ ಬಂದಿದ್ದರು. ರಿಬ್ಬನ್ ಕತ್ತರಿಸಿದ್ದು ಮಾತ್ರ ಅವರ ಕೈಮೇಲಿದ್ದ ಕಪ್ಪೆ, ಕರ್ಮಿಟ್. ಮಂತ್ರಿಗೆ ಕಾದು ಕಾದು ಹಸಿದುಕೊಂಡು ಕೂತ ನಮ್ಮ ಶಾಲೆಯ ವಾರ್ಷಿಕೋತ್ಸವ ನೆನಪಾಯಿತು. ಹೆನ್ಸನ್ನರ ಮನೆಯವರು ಕೊಟ್ಟ ಗೊಂಬೆಗಳೆಲ್ಲ ಈಗ ಅಲ್ಲಿನ ಮ್ಯೂಸಿಯಮ್ಮಿನಲ್ಲಿವೆ. ಹೋದ ತಿಂಗಳು ಮಾಣಿಯನ್ನು ಕರೆದುಕೊಂಡು ಹೋಗಿದ್ದೆವು. ಗಾಜಿನ ಆಚೆ ಗೊಂಬೆಗಳು ಸುಮ್ನೆ ನಿಂತಿದ್ದವು. ಮಾಣಿ ಸ್ವಲ್ಪ ಹೊತ್ತು ನೋಡಿ, "ಅಮ್ಮ, ಇವಕ್ಕೆ ಹುಷಾರಿಲ್ವಾ?" ಅಂದ. ಉತ್ತರ ಹೊಳೆಯಲಿಲ್ಲ.

ಅಮ್ಮ, ಇದು ನಿನಗೆ. ಮೊದಲ ಕರ್ಮಿಟ್‌ನನ್ನು 1955ರಲ್ಲಿ ಹೆನ್ಸನ್ ಹೊಲಿದದ್ದು ತಮ್ಮ ತಾಯಿಯ ಹಳೇ ಕೋಟಿನ ಬಟ್ಟೆಯಲ್ಲಿ. ಕಣ್ಣಿಗೆ ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ ಅಂಟಿಸಿದ್ದು. ಆಗ ಅದಿನ್ನೂ ಕಪ್ಪೆಯೇ ಆಗಿರಲಿಲ್ಲ. ಏನೋ ಒಂದು ಪ್ರಾಣಿ, ಅಷ್ಟೇ. ನೀನು ಹಳೇ ಸೀರೆಗಳನ್ನೆಲ್ಲ ಪಾತ್ರೆಯವನಿಗೆ ಹಾಕುತ್ತೀಯಲ್ಲ, ಇನ್ನು ಮೇಲೆ ಒಂದೆರಡು ತೆಗೆದಿಡು.

ಮೊದಲನೇ ಪುಸ್ತಕ ಅಪ್ಪಯ್ಯನಿಗೆ. ಹೆನ್ಸನ್ 1965ರಲ್ಲಿ ಒಂದು ಕೆಂಪು ಪುಸ್ತಕದಲ್ಲಿ ಡೈರಿ ಶುರು ಮಾಡಿದರು. 1988ರವರೆಗೂ ಬರೆದರು. ಅದನ್ನು ಫೋಟೋ, ಚಿತ್ರ ಎಲ್ಲ ಸೇರಿಸಿ 2012ರಲ್ಲಿ ದೊಡ್ಡದಾಗಿ ಅಚ್ಚು ಹಾಕಿದ್ದಾರೆ. ತಮಾಷೆ ಅಂದರೆ, ಡೈರಿ ತುಂಬ ಒಂದೊಂದೇ ಸಾಲು. ಮದುವೆಗೂ ಒಂದು ಸಾಲು, ಮಗು ಹುಟ್ಟಿದ್ದಕ್ಕೂ ಒಂದು ಸಾಲು. ನನಗೆ ನಿಮ್ಮ ಡೈರಿಯೇ ಕಣ್ಣಮುಂದೆ ಬಂತು. "ಮಳೆ. ಕಾಯಿ 140. ಮಗಳ ರಿಸಲ್ಟು." ರಿಸಲ್ಟು ಏನಾಯಿತು ಅಂತ ಅದರಲ್ಲಿ ಎಲ್ಲೂ ಇಲ್ಲ! ಅವರು ಡೈರಿಯ ಪಕ್ಕದಲ್ಲಿ ಚಿತ್ರ ಬಿಡಿಸಿ ಆ ಕೊರತೆ ತುಂಬಿಸುತ್ತಿದ್ದರು. ನೀವು ಅದನ್ನೂ ಮಾಡಲಿಲ್ಲ.

ಎರಡನೆಯದು ಬ್ರಯನ್ ಫ್ರೌಡ್ ಅನ್ನುವ ಇಂಗ್ಲೆಂಡಿನ ಚಿತ್ರಕಾರರದ್ದು. 1982ರಲ್ಲಿ ಹೆನ್ಸನ್ 'ದಿ ಡಾರ್ಕ್ ಕ್ರಿಸ್ಟಲ್' ಅಂತ ಸಿನಿಮಾ ಮಾಡಿದರು. ತೆರೆಯ ಮೇಲೆ ಒಬ್ಬ ಮನುಷ್ಯನೂ ಕಾಣುವುದಿಲ್ಲ, ಬರೀ ಗೊಂಬೆಗಳು. ಆ ಲೋಕದ ಗಿಡ, ಪ್ರಾಣಿ, ಲಿಪಿ ಎಲ್ಲ ಫ್ರೌಡ್ ಬರೆದದ್ದೇ. ಸಿನಿಮಾ ನನಗೆ ಅಷ್ಟಕ್ಕಷ್ಟೇ. ಕತೆ ಎಳೆದಾಡುತ್ತದೆ. ಪುಸ್ತಕ ಮಾತ್ರ ಕೈಬಿಡಲು ಮನಸ್ಸಾಗುವುದಿಲ್ಲ. ಆ ಕೆಲಸದಲ್ಲೇ ಫ್ರೌಡರಿಗೆ ವೆಂಡಿ ಅನ್ನುವ ಗೊಂಬೆ ಮಾಡುವವರ ಪರಿಚಯವಾಗಿ ಮದುವೆಯೂ ಆಯಿತು. ಅವರ ಮಗ ಟೋಬಿ 1986ರ 'ಲ್ಯಾಬಿರಿಂತ್' ಸಿನಿಮಾದಲ್ಲಿ ಗೊಂಬೆಗಳ ನಡುವೆ ಕೂತ ಮಗು. ದೊಡ್ಡವನಾದ ಮೇಲೆ 2019ರ ಡಾರ್ಕ್ ಕ್ರಿಸ್ಟಲ್ ಧಾರಾವಾಹಿಗೆ ಅವನೇ ಗೊಂಬೆಗಳ ಕೆಲಸ ನೋಡಿಕೊಂಡ. ಉಪ್ಪಿನಕುದ್ರುವಿನ ಗೊಂಬೆಯಾಟದ ಕಾಮತರ ಮನೆಯ ಹಾಗೆ ಅಲ್ವಾ? ದೇವಣ್ಣ ಕಾಮತರಿಂದ ಕೊಗ್ಗ ಕಾಮತರಿಗೆ, ಅವರಿಂದ ಭಾಸ್ಕರ ಕಾಮತರಿಗೆ. ನೀವು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಆಟ ತೋರಿಸಿದ್ದು ನೆನಪಿದೆ. ಚೆಂಡೆ ಸದ್ದಿಗೆ ನಾನು ಹೆದರಿದ್ದೂ ನೆನಪಿದೆ. ಒಂದೂವರೆ ಅಡಿಯ ಗೊಂಬೆ, ಕಪ್ಪು ಪರದೆಯ ಹಿಂದಿನ ಕೈ ಕಾಣದೆ, ಯಕ್ಷಗಾನದ ಹೆಜ್ಜೆ ಹಾಕುವುದು.

ಅಂಗಡಿಯಲ್ಲಿ ಹುಡುಕಲು ಹೋದರೆ ತಲೆ ಕೆಡುತ್ತದೆ. ಕಪ್ಪೆಯ ಪುಸ್ತಕದ ಮೇಲೆ ಡಿಸ್ನಿ ಅಂತಿರುತ್ತದೆ. ಸೆಸಮಿ ಸ್ಟ್ರೀಟ್ ಅನ್ನುವ ಮಕ್ಕಳ ಟಿವಿ ಕಾರ್ಯಕ್ರಮದ ಗೊಂಬೆಗಳ ಪುಸ್ತಕ ಬೇರೆ ಕಡೆ. ಮನೆ ಪಾಲಾದ ಹಾಗೆ ಆಗಿದೆ. ಹೆನ್ಸನ್ 1990ರಲ್ಲಿ, 53ನೇ ವಯಸ್ಸಿಗೇ ತೀರಿಕೊಂಡರು. 2000ದಲ್ಲಿ ಮಕ್ಕಳು ಕಂಪನಿಯನ್ನು ಜರ್ಮನಿಯವರಿಗೆ ಮಾರಿದರು. ಆ ಜರ್ಮನಿಯವರಿಗೆ ಕಷ್ಟ ಬಂತು. 2003ರಲ್ಲಿ ಮಕ್ಕಳೇ ಅದನ್ನು ವಾಪಸ್ ಕೊಂಡುಕೊಂಡರು, ಅದೂ ಮಾರಿದ್ದಕ್ಕಿಂತ ಎಷ್ಟೋ ಕಮ್ಮಿಗೆ. ಅಷ್ಟರಲ್ಲಿ ಸೆಸಮಿ ಗೊಂಬೆಗಳು ಸೆಸಮಿಯವರ ಪಾಲಾಗಿದ್ದವು. ಮರುವರ್ಷ ಕಪ್ಪೆ, ಹಂದಿ ಎಲ್ಲ ಡಿಸ್ನಿಗೆ ಹೋದವು. ಡಾರ್ಕ್ ಕ್ರಿಸ್ಟಲ್, ಲ್ಯಾಬಿರಿಂತ್, ಫ್ರ್ಯಾಗಲ್ ರಾಕ್ ಅನ್ನುವ ಟಿವಿ ಸರಣಿ ಮನೆಯಲ್ಲೇ ಉಳಿದವು. ದೊಡ್ಡ ಮಾವ ತೋಟ ಮಾರಿ ಬಾವಿ ಇಟ್ಟುಕೊಂಡ ಹಾಗೆ. ಅವರಿಗೆ ಈ ಸಾಲು ಓದಿ ಹೇಳಬೇಡಿ.

ಈಗ ಮೂರನೆಯದು. ಕಾಗದ ಬರೆಯಲು ಕೂತದ್ದೇ ಇದಕ್ಕಾಗಿ.

ಇದು ಸೆಸಮಿ ಸ್ಟ್ರೀಟಿನ ಗ್ರೋವರ್ ಅನ್ನುವ ಗೊಂಬೆಯ ಪುಸ್ತಕ. 1971ರದ್ದು. ಗ್ರೋವರ್ ಅಂದರೆ ಮೈತುಂಬ ನೀಲಿ ಕೂದಲು, ಕಡ್ಡಿಯಂಥ ಕೈಕಾಲು. ಪುಸ್ತಕದ ಕೊನೆಯಲ್ಲಿ ಒಂದು ಗುಮ್ಮ ಇದೆ ಅಂತ ಹೆಸರಿನಲ್ಲೇ ಬರೆದಿದೆ. ಅದನ್ನು ಓದಿ ಗ್ರೋವರ್‌ಗೆ ಜೀವವೇ ಬಾಯಿಗೆ ಬಂದಿದೆ. ಪುಟ ತಿರುಗಿಸಬೇಡ ಅಂತ ನಮ್ಮನ್ನು ಬೇಡಿಕೊಳ್ಳುತ್ತಾನೆ. ನಾವು ತಿರುಗಿಸುತ್ತೇವೆ. ಹಗ್ಗದಿಂದ ಪುಟಗಳನ್ನು ಕಟ್ಟುತ್ತಾನೆ. ತಿರುಗಿಸುತ್ತೇವೆ. ಹಲಗೆ ಹೊಡೆಯುತ್ತಾನೆ, ಇಟ್ಟಿಗೆ ಗೋಡೆ ಕಟ್ಟುತ್ತಾನೆ. ಮತ್ತೂ ತಿರುಗಿಸುತ್ತೇವೆ. ಇಟ್ಟಿಗೆ ಪುಟ ಬಂದಾಗ ಮಾಣಿ ಎರಡೂ ಕೈಯಲ್ಲಿ ಹಾಳೆ ಹಿಡಿದು, ಹಲ್ಲು ಕಚ್ಚಿ, ಕಷ್ಟಪಟ್ಟು ತಳ್ಳುತ್ತಾನೆ. ನಿಜವಾಗಿಯೂ ಗೋಡೆ ಬೀಳಿಸಿದವನ ಹಾಗೆ ಉಸಿರು ಬಿಡುತ್ತಾನೆ. ಮ್ಯೂಸಿಯಮ್ಮಿನಲ್ಲಿ ಹುಷಾರಿಲ್ಲದ ಗೊಂಬೆಗಳು ಇಲ್ಲಿ ಹೇಗೆ ಎದ್ದು ಕೂತವು ಅಂತ ಆಗ ನನಗೆ ಗೊತ್ತಾಯಿತು. ಗೊಂಬೆಯೊಳಗೆ ಇರಬೇಕಾದ ಕೈ ಇಲ್ಲಿ ಪುಟದ ಮೇಲಿದೆ. ಮಾಣಿಯದ್ದೇ.

ಕೊನೆಯಲ್ಲಿ ಗುಮ್ಮ ಯಾರು ಅಂದರೆ ಗ್ರೋವರೇ. ತನಗೆ ತಾನೇ ಹೆದರಿ ಇಷ್ಟೆಲ್ಲ ಮಾಡಿದ್ದು. ನಾಚಿಕೆಯಿಂದ ಸಾಯುತ್ತಾನೆ.

ಆದರೆ ನಮಗೆ ಅದು ಗೊತ್ತಾಗಲು ಹದಿನೈದು ದಿನ ಹಿಡಿಯಿತು! ಹಳೇ ಪುಸ್ತಕಗಳ ರಾಶಿಯಲ್ಲಿ ಅರ್ಧ ಡಾಲರಿಗೆ ತಂದ ಪ್ರತಿ ಇದು. ಮನೆಗೆ ಬಂದು ಓದಿದರೆ ಕೊನೆಯ ಹಾಳೆಯೇ ಇಲ್ಲ. ಯಾವುದೋ ಮಗು ಕಿತ್ತುಕೊಂಡಿದೆ. ಇಟ್ಟಿಗೆ ಗೋಡೆ ಬಿತ್ತು, ಆಮೇಲೆ ರಟ್ಟು. ಮಾಣಿ ಅತ್ತು ಕರೆದು ರಂಪ ಮಾಡಿದ. ಗುಮ್ಮ ಹಾಳೆಯ ಸಮೇತ ತಪ್ಪಿಸಿಕೊಂಡಿದೆ, ಮನೆಯಲ್ಲೇ ಎಲ್ಲೋ ಇದೆ ಅಂತ ರಾತ್ರಿ ದೀಪ ಆರಿಸಲು ಬಿಡಲಿಲ್ಲ. ಕೊನೆಗೆ ಲೈಬ್ರರಿಯಿಂದ ಇನ್ನೊಂದು ಪ್ರತಿ ತಂದು ತೋರಿಸಿದೆ. ಗ್ರೋವರನ್ನು ನೋಡಿ ಅವನಿಗೆ ನಗು ಬರಲಿಲ್ಲ. "ಅಲ್ಲ, ನಮ್ಮ ಪುಸ್ತಕದ್ದು ಬೇರೆ ಗುಮ್ಮ" ಅಂತ ಹಟ. ಕೂತು ತಾನೇ ಒಂದು ಹಾಳೆ ಬರೆದ. ಅದನ್ನು ಗೋಂದು ಹಾಕಿ ಅಂಟಿಸಿದ್ದೇವೆ.

ಅಪ್ಪಯ್ಯ, ನೀವು ಇದನ್ನು ಅವನಿಗೆ ಓದಬೇಕು. ಪುಸ್ತಕ ಕೈಸೇರಿದ ಮೇಲೆ ಬರುವ ಭಾನುವಾರ, ವಿಡಿಯೋ ಕಾಲಿನಲ್ಲಿ. ಇಂಗ್ಲಿಷಿನಲ್ಲಿ ಅಲ್ಲ. ಪ್ರತಿ ಪುಟದ ಕೆಳಗೆ ಪೆನ್ಸಿಲ್ಲಿನಲ್ಲಿ ಕನ್ನಡ ಬರೆದಿದ್ದೇನೆ. ಅದೂ ಬೇಕಾಗಿಲ್ಲ, ನಿಮ್ಮ ಕುಂದಾಪ್ರ ಬಾಯಲ್ಲಿ "ಹ್ವಾಯ್, ಪುಟ ತಿರ್ಗಿಸ್ಬೇಡಿ ಮಾರಾಯ್ರೆ" ಅಂದರೆ ಸಾಕು. ನಾನು ಓದಿದರೆ ಗ್ರೋವರ್ ಮೀಟಿಂಗಿನಲ್ಲಿ ಮಾತಾಡಿದ ಹಾಗೆ ಕೇಳುತ್ತದಂತೆ. ಪುಟಗಳನ್ನು ಕ್ಯಾಮೆರಾಗೆ ಹಿಡಿಯುವ ಕೆಲಸ ಅಮ್ಮನದ್ದು. ಇಟ್ಟಿಗೆ ಪುಟ ಜೋರಾಗಿ ತಳ್ಳಬೇಕು, ಅಮ್ಮ, ಮರೆಯಬೇಡ. ಇಲ್ಲಿಂದ ಅವನೂ ತಳ್ಳುತ್ತಾನೆ.

ಭೀಮವ್ವನವರಿಗೆ ಪದ್ಮಶ್ರೀ ಬಂದಾಗ ನೀವು ಪೇಪರಿನ ಫೋಟೋ ಕಳಿಸಿದ್ದಿರಲ್ಲ, ತೊಗಲು ಗೊಂಬೆ ಹಿಡಿದ ಅಜ್ಜಿ, ಅದು ಈಗಲೂ ನಮ್ಮ ಫ್ರಿಜ್ಜಿನ ಮೇಲಿದೆ. ಉಪ್ಪಿನಕುದ್ರು ಗೊಂಬೆಗಳ ಬಗ್ಗೆ ಪುಟ್ಟ ಮಕ್ಕಳು ಪುಟ ತಿರುಗಿಸಿ ಆಡುವಂಥ ಪುಸ್ತಕ ಕಂಡರೆ ದಯವಿಟ್ಟು ಕೊಂಡಿಡಿ. ದಪ್ಪ ರಟ್ಟಿನದ್ದಾದರೆ ಒಳ್ಳೆಯದು.

ಕಟ್ಟು ಬಿಚ್ಚಿದ ಕೂಡಲೇ ಕೊನೆಯ ಪುಟ ನೋಡಬೇಡಿ ಅಂತ ಮಾಣಿ ಹೇಳಿದ್ದಾನೆ. ನೀವು ಕೇಳುವುದಿಲ್ಲ ಅಂತ ನನಗೆ ಗೊತ್ತು. ಅದಕ್ಕೆ ಈಗಲೇ ಹೇಳಿಬಿಡುತ್ತೇನೆ. ಅವನು ಬರೆದ ಗುಮ್ಮಕ್ಕೆ ಬಿಳಿ ಮೀಸೆ ಇದೆ, ಮೂಗಿನ ತುದಿಗೆ ಜಾರಿದ ಕನ್ನಡಕ ಇದೆ. ಹೆಗಲ ಮೇಲೆ ಕೆಂಪು ಬೈರಾಸು. ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಮಗಳು