ಸತ್ಯಕಥೆ ಅಂದಮೇಲೆ ತೀರ್ಪನ್ನೂ ತೋರಿಸಲಿ

ಮಾನ್ಯರೇ,

‘ಸತ್ಯಕಥೆ ಆಧಾರಿತ’ ಎಂದು ಹಾಕಿಕೊಂಡು ಬರುವ ದೆವ್ವದ ಸಿನಿಮಾಗಳು ಅರ್ಧ ಸತ್ಯವನ್ನಷ್ಟೇ ಹೇಳುತ್ತವೆ. 2005ರ ‘ದಿ ಎಕ್ಸಾರ್ಸಿಸಂ ಆಫ್ ಎಮಿಲಿ ರೋಸ್’ ನೋಡಿ. ಅಲ್ಲಿ ಕಟಕಟೆಯಲ್ಲಿ ನಿಲ್ಲುವುದು ಪಾದ್ರಿ ಒಬ್ಬರೇ. ಆದರೆ ಅದಕ್ಕೆ ಮೂಲವಾದ ಜರ್ಮನಿಯ ಅನ್ನೆಲೀಸ್ ಮಿಷೆಲ್ ಎಂಬ ಹುಡುಗಿಯ ಸಾವಿನ ಪ್ರಕರಣದಲ್ಲಿ, 1978ರಲ್ಲಿ ಇಬ್ಬರು ಪಾದ್ರಿಗಳ ಜೊತೆ ಹೆತ್ತವರಿಗೂ ಶಿಕ್ಷೆಯಾಯಿತು. ಆ ಹುಡುಗಿಗೆ ಮೂರ್ಛೆರೋಗವಿದೆ ಎಂದು ವೈದ್ಯರು ಹೇಳಿದ್ದರು. ದೆವ್ವ ಬಿಡಿಸುವ ವಿಧಿ 67 ಸಲ ನಡೆಯಿತು. ಊಟ, ನೀರಿಲ್ಲದೆ ಸೊರಗಿ 23ನೇ ವಯಸ್ಸಿಗೇ ಸತ್ತಾಗ ಅವಳ ತೂಕ ಸುಮಾರು 30 ಕೆ.ಜಿ. ಹೆದರಲು ಇಷ್ಟು ಸಾಲದಾ?

ಸಿನಿಮಾ ಚೆನ್ನಾಗಿಯೇ ಇದೆ, ಬೇಡ ಅನ್ನುತ್ತಿಲ್ಲ. ಆದರೆ ಇಂಥವನ್ನು ಪ್ರಸಾರ ಮಾಡುವ ಟಿ.ವಿ., ಒಟಿಟಿಯವರು ಕೊನೆಯಲ್ಲಿ ಅಸಲಿ ತೀರ್ಪನ್ನು ಎರಡು ಸಾಲಿನಲ್ಲಿ, ಕನ್ನಡದಲ್ಲೇ ಹಾಕಲಿ.

– ಓದುಗ, ದಾವಣಗೆರೆ