ನೆಪ್ಚೂನಿನ ಪುಟ್ಟ ಚಂದ್ರನ ಬಗ್ಗೆಯೂ ಬರೆಯಿರಿ

ಮಾನ್ಯರೇ,

ನೆಪ್ಚೂನಿನ ಪುಟ್ಟ ಚಂದ್ರ ಹಿಪೊಕ್ಯಾಂಪ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಲೇಖನ ಬರಲಿ. ಅದರ ಅಗಲ ಸುಮಾರು 34 ಕಿ.ಮೀ. ಚಿತ್ರದುರ್ಗದಿಂದ ದಾವಣಗೆರೆಗೆ ಹೊರಟರೆ ಅರ್ಧ ದಾರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ! 1989ರಲ್ಲಿ ವಾಯೇಜರ್ 2 ಬಾಹ್ಯಾಕಾಶ ನೌಕೆ ಆ ಕಡೆ ಹಾದುಹೋದರೂ ಇದು ಕಣ್ಣಿಗೆ ಬೀಳಲಿಲ್ಲ. 2013ರಲ್ಲಿ ಖಗೋಳ ವಿಜ್ಞಾನಿ ಮಾರ್ಕ್ ಶೋವಾಲ್ಟರ್ ಹಬಲ್ ಟೆಲಿಸ್ಕೋಪಿನ ಹಳೇ ಚಿತ್ರಗಳನ್ನು ಮತ್ತೆ ತೆಗೆದು, ಒಂದರ ಮೇಲೊಂದು ಜೋಡಿಸಿ ನೋಡಿದಾಗ ಚುಕ್ಕಿಯಾಗಿ ಸಿಕ್ಕಿತು. ಪಕ್ಕದ ದೊಡ್ಡ ಚಂದ್ರ ಪ್ರೋಟಿಯಸ್‌ಗೆ ಧೂಮಕೇತು ಬಡಿದು ಸಿಡಿದ ಚೂರುಗಳಿಂದ ಹುಟ್ಟಿರಬೇಕು ಎನ್ನುತ್ತಾರೆ.

ಮೊನ್ನೆ ಕೋಟೆಯಲ್ಲಿ ಮಗಳಿಗೆ ಇದನ್ನು ಹೇಳಿದೆ. ಬಂಡೆಯ ಬುಡದಲ್ಲಿ ಬಿದ್ದಿದ್ದ ಚಕ್ಕೆಯನ್ನು ಎತ್ತಿ, ಅದು ಕಿತ್ತುಬಂದ ಜಾಗಕ್ಕೇ ಹಿಡಿದು, "ಹೀಗೇ ಅಲ್ವಾ ಅಪ್ಪಾ?" ಅಂದಳು. ಇಂಥ ಮಕ್ಕಳಿಗೆ ಕನ್ನಡದಲ್ಲೇ ಓದಲು ಕೊಡಿ.

ಒಬ್ಬ ಓದುಗ, ಚಿತ್ರದುರ್ಗ